ಕೆಎ-20 ಬಲೆನೊ, ಕೆಎಲ್-41 ಐ20: ಹಣ ಕೊಡುವ ಮೊದಲು ಕಾರಿನ ಹಿಂದಿನ ಲೆಕ್ಕ ನೋಡುವುದು ಹೇಗೆ?

ಕದ್ರಿಗುಡ್ಡೆ:

ನಮಸ್ಕಾರ. ಮಂಗಳೂರಿನಲ್ಲಿ ಓಡಿಸಲಿಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಬೇಕು. ಎರಡು ನೋಡಿಟ್ಟಿದ್ದೇನೆ.

ಒಂದು, ಉಡುಪಿ ನೋಂದಣಿಯ (ಕೆಎ-20) ಮಾರುತಿ ಬಲೆನೊ. 2018ರ ಫೆಬ್ರವರಿ. ಎರಡನೇ ಮಾಲೀಕರು, 2022ರ ಜುಲೈಯಲ್ಲಿ ಹೆಸರು ಬದಲಾಗಿದೆ. ಮೀಟರ್‌ನಲ್ಲಿ 54,000. ಮಾಲೀಕರು ದುಬೈಯಲ್ಲಿದ್ದಾರೆ, ಮಾರುವುದು ಅವರ ಭಾವ. ಆರ್‌ಸಿಯಲ್ಲಿ ಒಂದು ಸಹಕಾರಿ ಸಂಘದ ಸಾಲ ನಮೂದಾಗಿದೆ, "ಸಾಲ ಮುಗಿದಿದೆ, ತೆಗೆಸುವುದು ಮಾತ್ರ ಬಾಕಿ" ಅನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ನವೀಕರಿಸಿದ ಇನ್ಶೂರೆನ್ಸ್‌ನಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಶೇ 20 ಅಂತ ಉಂಟು.

ಇನ್ನೊಂದು ಹ್ಯುಂಡೈ ಐ20, 2018ರ ಮೇ, ಕೇರಳ ನೋಂದಣಿ (ಕೆಎಲ್-41). ಮಂಜೇಶ್ವರದ ಕಡೆ ಹಳೆ ಕಾರು ಮಾರುವ ಒಂದು ಯಾರ್ಡ್‌ನಲ್ಲಿದೆ. ಒಬ್ಬರೇ ಮಾಲೀಕರು, 41,000 ಕಿ.ಮೀ. ಬಲೆನೊಗಿಂತ 60,000 ರೂಪಾಯಿ ಕಡಿಮೆ ಹೇಳುತ್ತಿದ್ದಾರೆ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ಎರಡೂ "ಆ್ಯಕ್ಟಿವ್" ತೋರಿಸುತ್ತದೆ. ಅಷ್ಟು ಸಾಕಾ? ಆಕ್ಸಿಡೆಂಟ್, ನೆರೆ ನೀರು, ಮೀಟರ್ ಹಿಂದೆ ತಿರುಗಿಸಿದ್ದು ಇದೆಲ್ಲ ಹೇಗೆ ಗೊತ್ತಾಗುವುದು?

*

ಮಣ್ಣಪಳ್ಳ:

ಸಾಕಾಗುವುದಿಲ್ಲ. ಆ ಆ್ಯಪ್ ಹೇಳುವುದು ಸರಕಾರಿ ಕಡತದಲ್ಲಿ ಏನಿದೆ ಎಂಬುದನ್ನು ಮಾತ್ರ: ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ಇಂಧನ, ಸಾಲ ಕೊಟ್ಟವರ ಹೆಸರು, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆಯ ಅವಧಿ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಇಲ್ಲವೇ. ಕಾರು ಮರಕ್ಕೆ ಗುದ್ದಿದ್ದು, ನೀರಿನಲ್ಲಿ ಮುಳುಗಿದ್ದು ಯಾವುದೂ ಅದರಲ್ಲಿ ಬರುವುದಿಲ್ಲ. ನಮ್ಮಲ್ಲಿ ಕಾರಿನ ಪೂರ್ತಿ ಚರಿತ್ರೆ ಒಂದೇ ಕಡೆ ಸಿಗುವ ಸಾರ್ವಜನಿಕ ದಾಖಲೆ ಇಲ್ಲ. ಆರ್‌ಸಿ, ಇನ್ಶೂರೆನ್ಸ್, ಸರ್ವಿಸ್ ಜಾಬ್ ಕಾರ್ಡ್ (ಪ್ರತಿ ಸರ್ವಿಸ್‌ನ ಕೆಲಸದ ಚೀಟಿ), ಚಲನ್, ಫಾಸ್ಟ್ಯಾಗ್ ಇವುಗಳ ತಾರೀಕುಗಳನ್ನು ಒಂದು ಹಾಳೆಯಲ್ಲಿ ವರ್ಷವಾರು ಬರೆದುಕೊಳ್ಳಿ. ಸುಳ್ಳು ಇದ್ದರೆ ಎರಡು ತಾರೀಕುಗಳ ನಡುವೆ ಕಾಣುತ್ತದೆ.

ನಾನು ಕಾಗದದ ಭಾಗ ಹೇಳುತ್ತೇನೆ, ಬಾಡಿಯ ಬಗ್ಗೆ ಬೇರೆಯವರು ಹೇಳಲಿ.

ಮೊದಲು ಆರ್‌ಸಿಯ ಚಾಸಿಸ್ ನಂಬರನ್ನು ಕಾರಿನ ಮೇಲೆ ಕೊರೆದ ನಂಬರಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಕೊರೆದ ಜಾಗ ಯಾವುದೆಂದು ಕಾರಿನ ಪುಸ್ತಕದಲ್ಲಿ ಇರುತ್ತದೆ. ಹಲವು ಹ್ಯುಂಡೈ ಕಾರುಗಳಲ್ಲಿ ಮುಂದಿನ ಸೀಟಿನ ಕೆಳಗೆ, ಕಾರ್ಪೆಟ್‌ನಲ್ಲಿ ಕತ್ತರಿಸಿದ ಕಿಂಡಿ ಎತ್ತಿದರೆ ಕಾಣುತ್ತದೆ. ಅಕ್ಷರಗಳ ಸುತ್ತ ಗ್ರೈಂಡರ್ ಆಡಿಸಿದ ಗೆರೆ, ವೆಲ್ಡಿಂಗ್, ಅಲ್ಲಿ ಮಾತ್ರ ಬೇರೆ ಬಣ್ಣ, ಇವುಗಳಲ್ಲಿ ಒಂದು ಕಂಡರೂ ಆ ಕಾರು ಬೇಡ. ಹ್ಯುಂಡೈ ನಂಬರಿನಲ್ಲಿ ಹತ್ತನೇ ಅಕ್ಷರ ವರ್ಷವನ್ನು ಹೇಳುತ್ತದೆ: ಜೆ ಅಂದರೆ 2018, ಕೆ ಅಂದರೆ 2019. ಎಲ್ಲ ಕಂಪನಿಯವರೂ ಹೀಗೆ ಬರೆಯುವುದಿಲ್ಲ, ಆದ್ದರಿಂದ ಬಲೆನೊಗೆ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳನ್ನೇ ನೋಡಿ.

ಅದೇ ಚಾಸಿಸ್, ಎಂಜಿನ್ ನಂಬರುಗಳನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ "ವಾಹನ್ ಸಮನ್ವಯ್" ಸೇವೆಯಲ್ಲಿ ಹಾಕಿದರೆ ಕಳ್ಳತನದ ದೂರು ಇದೆಯೇ ಎಂದು ಗೊತ್ತಾಗುತ್ತದೆ. ಚಾಸಿಸ್ ನಂಬರಿನ ಕೊನೆಯ ಐದು ಅಂಕಿ ಇದ್ದರೆ ಪರಿವಾಹನ್‌ನ ಇ-ಚಲನ್ ಪುಟದಲ್ಲಿ ಬಾಕಿ ದಂಡವನ್ನೂ ನೋಡಬಹುದು. ಚಲನ್ ಪಟ್ಟಿಯನ್ನು ಹಣಕ್ಕಾಗಿ ಮಾತ್ರ ನೋಡಬೇಡಿ, ಊರಿನ ಹೆಸರು ಓದಿ. ಕೇರಳದಲ್ಲಿ 2023ರ ಜೂನ್‌ನಿಂದ ಕ್ಯಾಮೆರಾ ದಂಡ ಜೋರಾಗಿದೆ. "ಮನೆಯಲ್ಲೇ ಇದ್ದ ಕಾರು" ಅಂತ ಹೇಳಿ ಬೇರೆ ಬೇರೆ ಜಿಲ್ಲೆಯ ಚಲನ್ ಇದ್ದರೆ 41,000 ಕಿ.ಮೀ. ಅನ್ನುವುದನ್ನು ಇನ್ನೊಮ್ಮೆ ಯೋಚಿಸಬೇಕು. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಕೇಳುವವರು ಕಡಿಮೆ, ಆದರೆ ಅದು ಒಳ್ಳೆಯ ಸಾಕ್ಷಿ. ಉಡುಪಿ ಪೇಟೆಯೊಳಗೆ ಮಾತ್ರ ಓಡಿದ ಕಾರು ವಾರಕ್ಕೆ ಐದು ದಿನ ಹೆಜಮಾಡಿ ಟೋಲ್ ದಾಟಿದ್ದರೆ ವರ್ಷಕ್ಕೆ ಎಷ್ಟು ಓಡಿದೆ ಎಂದು ನೀವೇ ಲೆಕ್ಕ ಹಾಕಬಹುದು.

ಆರ್‌ಸಿಯಲ್ಲಿ ವಾಹನದ ವರ್ಗ "ಮೋಟಾರ್ ಕಾರ್" ಅಂತಲೇ ಇರಬೇಕು. ಮೊದಲು ಹಳದಿ ಬೋರ್ಡ್ ಇದ್ದು ಆಮೇಲೆ ಬಿಳಿ ಬೋರ್ಡ್ ಮಾಡಿಸಿದ ಕಾರುಗಳೂ ಮಾರುಕಟ್ಟೆಯಲ್ಲಿವೆ. ಪರಿವರ್ತನೆ ಕಾನೂನುಬದ್ಧ, ಮುಚ್ಚಿಡುವುದು ತಪ್ಪು.

ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಆಗಿರಬೇಕು. 2019ರ ಏಪ್ರಿಲ್ 1ಕ್ಕೆ ಮೊದಲಿನ ಕಾರುಗಳಿಗೂ ಕರ್ನಾಟಕದಲ್ಲಿ ಇದು ಕಡ್ಡಾಯ. ಹಿಂದಿನದು, ಮುಂದಿನದು ಎರಡರಲ್ಲೂ ಬೇರೆ ಬೇರೆ ಲೇಸರ್ ಸಂಖ್ಯೆ ಇರುತ್ತದೆ. ಅವು ದಾಖಲೆಯ ಜೊತೆ ಹೊಂದದಿದ್ದರೆ ಪ್ಲೇಟ್ ಬೇರೆ ಕಾರಿನದ್ದು.

*

ಸೀತಾನದಿ:

ಕದ್ರಿಗುಡ್ಡೆಯವರೇ, ನೀವು ಬರೆದ ಆ "ಶೇ 20" ದೊಡ್ಡ ಸುಳಿವು. ಇನ್ಶೂರೆನ್ಸ್ ಕಡೆಯಿಂದ ಹೇಳುತ್ತೇನೆ.

ನೋ ಕ್ಲೇಮ್ ಬೋನಸ್ ಮೆಟ್ಟಿಲು ಹೀಗೆ: ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಸೊನ್ನೆ. ಈ ಬೋನಸ್ ಕಾರಿಗಲ್ಲ, ಮಾಲೀಕರಿಗೆ. ಕಾರು ಮಾರಿದಾಗ ಹೊಸಬರು ಸೊನ್ನೆಯಿಂದ ಶುರು ಮಾಡುತ್ತಾರೆ.

ಈಗ ಬಲೆನೊ. 2022ರ ಜುಲೈಯಲ್ಲಿ ಹೆಸರು ಬದಲು. ಹಳೆಯ ಪಾಲಿಸಿಯನ್ನೇ ಮಧ್ಯದಲ್ಲಿ ವರ್ಗಾಯಿಸಿಕೊಂಡಿದ್ದರೆ 2023ರ ಫೆಬ್ರವರಿಗೆ ಸೊನ್ನೆ, 2024ಕ್ಕೆ 20, 2025ಕ್ಕೆ 25 ಬರಬೇಕು. ಬಂದದ್ದು 20. ಅಂದರೆ 2023ರ ಫೆಬ್ರವರಿಯಿಂದ 2024ರ ಫೆಬ್ರವರಿಯೊಳಗೆ ಒಂದು ಕ್ಲೇಮ್ ಆಗಿರುವ ಸಂಭವ ಹೆಚ್ಚು. ಬೇರೆ ಕಾರಣವೂ ಇರಬಹುದು: ಪಾಲಿಸಿ ಮುಗಿದು 90 ದಿನಕ್ಕಿಂತ ಹೆಚ್ಚು ನವೀಕರಿಸದಿದ್ದರೆ ಬೋನಸ್ ಹೋಗುತ್ತದೆ, ಮಧ್ಯೆ ಒಂದು ವರ್ಷ ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಗೆ ಮಾತ್ರ ಕೊಡುವ ಇನ್ಶೂರೆನ್ಸ್) ಮಾಡಿದ್ದರೂ ಸರಪಳಿ ತುಂಡಾಗುತ್ತದೆ. ಆದ್ದರಿಂದ 2023, 2024, 2025 ಮೂರೂ ಪಾಲಿಸಿಯ ಪ್ರತಿ ಕೇಳಿ. 2024ರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದು, 2023ರದ್ದು ಬರೀ ಥರ್ಡ್ ಪಾರ್ಟಿ ಆಗಿರದೆ, ಎರಡು ಪಾಲಿಸಿಗಳ ನಡುವೆ ಒಂದು ದಿನವೂ ಅಂತರ ಇಲ್ಲದಿದ್ದರೆ ಅದು ಕ್ಲೇಮೇ. ಕ್ಲೇಮ್ ಇದ್ದ ಮಾತ್ರಕ್ಕೆ ಕಾರು ಹಾಳು ಅಂತಲ್ಲ. ಬಂಪರ್ ಮತ್ತು ಹೆಡ್‌ಲ್ಯಾಂಪ್ ಬದಲಾಯಿಸಿದ ಕ್ಲೇಮ್ ಬೇರೆ, ಏರ್‌ಬ್ಯಾಗ್ ಹಾರಿದ ಕ್ಲೇಮ್ ಬೇರೆ. ಮೊತ್ತ, ದಿನಾಂಕ, ವರ್ಕ್‌ಶಾಪ್ ಯಾವುದು ಎಂದು ಪಾಲಿಸಿದಾರರೇ ಕಂಪನಿಗೆ ಕೇಳಿ ತರಿಸಬಹುದು. ತರಿಸಿ ಕೊಡುವುದಿಲ್ಲ ಎಂದರೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ.

ಐ20ಗೆ ಇನ್ನೂ ಸುಲಭ. ಕೆಎಲ್-41 ಅಂದರೆ ಆಲುವಾ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ನದಿ ಉಕ್ಕಿ ಆಲುವಾ ಮುಳುಗಿತ್ತು. ಆಗ ಈ ಕಾರಿಗೆ ಮೂರು ತಿಂಗಳು. ಮೊದಲ ವರ್ಷದ ಪಾಲಿಸಿ 2018ರ ಮೇಯಿಂದ 2019ರ ಮೇವರೆಗೆ. ಹಾಗಾದರೆ 2019ರ ಮೇ ನವೀಕರಣದ ಪಾಲಿಸಿ ಒಂದನ್ನು ನೋಡಿದರೆ ಸಾಕು. ಅದರಲ್ಲಿ ಶೇ 20 ಇದ್ದರೆ ಮೊದಲ ವರ್ಷ ಕ್ಲೇಮ್ ಇಲ್ಲ. ಸೊನ್ನೆ ಇದ್ದರೆ ಏಕೆ ಎಂದು ಕೇಳಬೇಕು. ಒಬ್ಬರೇ ಮಾಲೀಕರು, ಕ್ಲೇಮ್ ಇಲ್ಲವೇ ಇಲ್ಲ ಎಂದಾದರೆ 2023ರಿಂದ ಶೇ 50 ಇರಬೇಕು. "ಬೋನಸ್ ಪ್ರೊಟೆಕ್ಟ್" ಎಂಬ ಆ್ಯಡ್-ಆನ್ ಇದ್ದರೆ ಕ್ಲೇಮ್ ಆದರೂ ಬೋನಸ್ ಉಳಿಯುತ್ತದೆ, ಅದಕ್ಕೆ ಕೊಟ್ಟ ಪ್ರೀಮಿಯಂ ಪಾಲಿಸಿಯಲ್ಲಿ ಬೇರೆ ಸಾಲಾಗಿ ಕಾಣುತ್ತದೆ, ಅದನ್ನೂ ನೋಡಿ.

ಎಂ-ಪರಿವಾಹನ್‌ನಲ್ಲಿ "ಇನ್ಶೂರೆನ್ಸ್ ಇದೆ" ಅಂತ ಬಂದರೆ ಅದು ಬರೀ ಥರ್ಡ್ ಪಾರ್ಟಿ ಆಗಿರಲೂಬಹುದು.

ಇನ್ನೊಂದು ಮಾತು. ರಿಪೇರಿ ಖರ್ಚು ವಿಮಾ ಮೌಲ್ಯದ ಶೇ 75 ಮೀರಿದರೆ ಕಂಪನಿ "ಟೋಟಲ್ ಲಾಸ್" ಎಂದು ಹಣ ಕೊಟ್ಟು ಮುಗಿಸುತ್ತದೆ. ಆ ಕಾರು ಗುಜರಿಯಾಗಿ ಹರಾಜಾಗಿ, ಯಾರೋ ಕೊಂಡು, ಜೋಡಿಸಿ ಮತ್ತೆ ರಸ್ತೆಗೆ ಬರುವುದುಂಟು. ಕೊಂಡವರು ತಮ್ಮ ಹೆಸರಿಗೆ ಮಾಡಿಸದೆ, ಮೊದಲ ಮಾಲೀಕರ ಸಹಿ ಹಾಕಿದ ಫಾರ್ಮ್‌ಗಳಲ್ಲೇ ಮುಂದೆ ಮಾರಿದರೆ ಆರ್‌ಸಿಯಲ್ಲಿ ಕೊನೆಯವರೆಗೂ "ಒಬ್ಬರೇ ಮಾಲೀಕರು". ಆದ್ದರಿಂದ ಆರ್‌ಸಿಯ ಮಾಲೀಕರ ಜೊತೆ ನೇರವಾಗಿ ಮಾತಾಡದೆ ಐ20ಗೆ ಒಂದು ರೂಪಾಯಿಯೂ ಕೊಡಬೇಡಿ.

*

ಕಾಪು ಲೈಟ್‌ಹೌಸ್:

ಬಾಡಿಯ ಬಗ್ಗೆ ನಾನು ಬರೆಯುತ್ತೇನೆ. ನಮ್ಮ ಕರಾವಳಿಯ ಕಾರಿನಲ್ಲಿ ಆಕ್ಸಿಡೆಂಟ್‌ಗಿಂತ ಮೊದಲು ನೋಡಬೇಕಾದದ್ದು ತುಕ್ಕು. ಬೆಂಗಳೂರಿನ ವಿಡಿಯೊಗಳಲ್ಲಿ ಇದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಇಲ್ಲಿ ಸಮುದ್ರದ ಉಪ್ಪುಗಾಳಿ ಒಂದು ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ತಳ ಇನ್ನೊಂದು ಕಡೆ. ಮಲ್ಪೆ, ಪಣಂಬೂರು, ಮರವಂತೆಯಂತಹ ಕಡಲ ತಡಿಯಲ್ಲಿ ದಿನವೂ ಹೊರಗೆ ನಿಂತ ಕಾರು ಮತ್ತು ಕಾರ್ಕಳದಲ್ಲಿ ಶೆಡ್‌ನೊಳಗೆ ನಿಂತ ಕಾರು ಒಂದೇ ವರ್ಷದ್ದಾದರೂ ತಳ ಒಂದೇ ಅಲ್ಲ. ಹಾಗಾಗಿ ಮೊದಲ ಪ್ರಶ್ನೆ: ಇಷ್ಟು ವರ್ಷ ಕಾರು ರಾತ್ರಿ ಎಲ್ಲಿ ನಿಲ್ಲುತ್ತಿತ್ತು?

ಕಾರನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಅಥವಾ ವ್ಹೀಲ್ ಅಲೈನ್‌ಮೆಂಟ್ ಅಂಗಡಿಗೆ ಒಯ್ಯಿರಿ. ಕೆಳಗಿನಿಂದ ನೋಡುವಾಗ ನಮ್ಮ ಕೆಂಪು ಮಣ್ಣು ಕಣ್ಣಿಗೆ ಮೋಸ ಮಾಡುತ್ತದೆ, ಮಣ್ಣೂ ತುಕ್ಕೂ ಒಂದೇ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿ. ಮಣ್ಣಾದರೆ ಬಿಡುತ್ತದೆ, ತುಕ್ಕಾದರೆ ಉಳಿಯುತ್ತದೆ, ಉಗುರಿನಲ್ಲಿ ಕೆರೆದರೆ ಪದರ ಪದರವಾಗಿ ಏಳುತ್ತದೆ. ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಹೆದರಬೇಡಿ. ಸೈಲೆನ್ಸರ್, ಡಿಸ್ಕ್, ಬೋಲ್ಟ್‌ಗಳು ಇಲ್ಲಿ ಎಲ್ಲ ಕಾರಿನಲ್ಲೂ ಕೆಂಪೇ. ಪದರ ಎದ್ದಿದೆಯೇ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಶಬ್ದ ತೆಳ್ಳಗೆ ಬರುತ್ತದೆಯೇ ನೋಡಬೇಕು. ಜಾಕ್ ಇಡುವ ಜಾಗ ಮತ್ತು ಬಾಗಿಲಿನ ಕೆಳಗಿನ ಉದ್ದ ಸಿಲ್, ಮುಂದಿನ ಸಬ್‌ಫ್ರೇಮ್‌ಗೆ ಲೋವರ್ ಆರ್ಮ್ ಸೇರುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ತಟ್ಟೆ, ಬ್ರೇಕ್ ಪೈಪ್, ಪೆಟ್ರೋಲ್ ತುಂಬಿಸುವ ಕೊಳವೆ, ಬ್ಯಾಟರಿಯ ಟ್ರೇ. ಮೇಲಿನಿಂದ ಡಿಕ್ಕಿ ಬಾಗಿಲಿನ ಕೆಳ ಅಂಚು ಮತ್ತು ನಾಲ್ಕೂ ಬಾಗಿಲಿನ ಕೆಳಗಿನ ಮಡಿಕೆ. ಅಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಒಳಗಿನಿಂದ ಬಂದಿದೆ, ಬಾಗಿಲಿನ ಡ್ರೈನ್ ತೂತು ಮುಚ್ಚಿಹೋಗಿ ನೀರು ನಿಂತಿದೆ ಎಂದರ್ಥ. ಮೇಲೆ ಬಣ್ಣ ಹೊಡೆದರೆ ಒಂದು ಮಳೆಗಾಲಕ್ಕೆ ಮತ್ತೆ ಏಳುತ್ತದೆ.

ತಳಕ್ಕೆ ಹೊಸದಾಗಿ ಹೊಡೆದ ಕಪ್ಪು ಕೋಟಿಂಗ್ ಕಂಡರೆ ಸಂಶಯ ಇರಲಿ. ಹೊಸ ಕಾರಿಗೆ ಶೋರೂಮಿನಲ್ಲಿ ಹೊಡೆಸಿದ್ದು ಒಳ್ಳೆಯದೇ. ಆದರೆ ಮಾರುವ ತಿಂಗಳಲ್ಲಿ ಹೊಡೆಸಿದ್ದು ತುಕ್ಕಿನ ಮೇಲೆ ಮುಚ್ಚಿದ ಚಾದರ, ಒಳಗೆ ತೇವ ಸಿಕ್ಕಿಕೊಂಡು ಬೇಗ ತಿನ್ನುತ್ತದೆ. ಬಿಲ್ಲಿನ ತಾರೀಕು ಕೇಳಿ.

ಅಲೈನ್‌ಮೆಂಟ್ ಮೆಷಿನ್‌ಗೆ ಹಾಕಿದಾಗ ಸರಿಮಾಡುವ ಮೊದಲಿನ ಪ್ರಿಂಟ್ ಇಟ್ಟುಕೊಳ್ಳಿ. ಟೋ (ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವ ಅಳತೆ) ಮಿತಿಯಿಂದ ಹೊರಗಿದ್ದರೆ ಪರವಾಗಿಲ್ಲ, ನಮ್ಮ ಹೊಂಡಗಳಲ್ಲಿ ಅದು ಸಾಮಾನ್ಯ. ಎಡ ಬಲ ಚಕ್ರದ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದೆ ಮುಂದೆ ವಾಲಿರುವ ಕೋನ) ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದು, ಟೋ ಸರಿ ಮಾಡಿದ ಮೇಲೂ ಕಾರು ಒಂದು ಬದಿಗೆ ಎಳೆದರೆ ಆರ್ಮ್ ಬಗ್ಗಿದೆ ಅಥವಾ ಸಬ್‌ಫ್ರೇಮ್ ಸರಿದಿದೆ. ಗುದ್ದಿದ ಕಾರಿನ ಬಣ್ಣವನ್ನು ಹೇಗೂ ಸರಿಮಾಡಬಹುದು, ಈ ಅಂಕಿಯನ್ನು ಮುಚ್ಚುವುದು ಕಷ್ಟ.

ಪೇಂಟ್ ಮೀಟರ್ ಸಿಕ್ಕಿದರೆ ಮೊದಲು ಛಾವಣಿಯಲ್ಲಿ ಅಳೆಯಿರಿ, ಅದನ್ನು ಯಾರೂ ಸುಲಭದಲ್ಲಿ ಮತ್ತೆ ಬಣ್ಣ ಹೊಡೆಯುವುದಿಲ್ಲ. ಕಂಪನಿ ಬಣ್ಣ ಸುಮಾರು 80ರಿಂದ 150 ಮೈಕ್ರಾನ್. 200–300 ಬಂದರೆ ಮತ್ತೆ ಹೊಡೆದಿದ್ದಾರೆ. 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಮೀಟರ್ ಕೆಲಸ ಮಾಡುವುದಿಲ್ಲ. ಒಂದು ಬಾಗಿಲಿಗೆ ಬಣ್ಣ ಹೊಡೆದದ್ದಕ್ಕೆ ಕಾರು ಬಿಡಬೇಡಿ. ಹಂಪನಕಟ್ಟೆಯ ಸಂದಿಯಲ್ಲಿ ಬಸ್ಸಿಗೆ ತಾಗದ ಕಾರು ಸಿಗುವುದು ಕಷ್ಟ. ನೋಡಬೇಕಾದ್ದು ಎಲುಬು. ಬಾನೆಟ್ ಎತ್ತಿ ರೇಡಿಯೇಟರ್ ಮೇಲಿನ ಕ್ರಾಸ್ ಮೆಂಬರ್, ಎರಡು ಬದಿಯ ಏಪ್ರನ್ (ಚಕ್ರದ ಮೇಲಿನ ಒಳ ತಗಡು). ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಪಿಲ್ಲರ್. ಸ್ಟೆಪ್ನಿ ಎತ್ತಿ ಡಿಕ್ಕಿಯ ತಳ. ಕಂಪನಿಯ ಸ್ಪಾಟ್ ವೆಲ್ಡಿಂಗ್ ಸಮ ಅಂತರದ ದುಂಡಗಿನ ಗುಳಿಗಳಾಗಿ ಕಾಣುತ್ತದೆ. ಗ್ಯಾರೇಜಿನ ವೆಲ್ಡಿಂಗ್ ಉಬ್ಬಿರುತ್ತದೆ, ಸೀಲಂಟ್ ಬೆರಳಿನಲ್ಲಿ ಹಚ್ಚಿದಂತಿರುತ್ತದೆ. ಎಡ ಬಲ ಹೋಲಿಸಿದರೆ ಪರಿಣತಿ ಇಲ್ಲದವರಿಗೂ ಗೊತ್ತಾಗುತ್ತದೆ. ಫೆಂಡರ್ ಮತ್ತು ಬಾನೆಟ್ ಕೀಲಿನ ಬೋಲ್ಟ್‌ಗಳ ತಲೆಯಲ್ಲಿ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ.

ಗಾಜುಗಳ ಮೂಲೆಯಲ್ಲಿ ಕಂಪನಿಯ ಗುರುತಿನ ಜೊತೆ ತಯಾರಿಕೆಯ ವರ್ಷದ ಸಂಕೇತ ಇರುತ್ತದೆ. ಎಲ್ಲ 2017ರ ಕೊನೆ ಅಥವಾ 2018 ಇದ್ದು ಒಂದೇ ಬಾಗಿಲಿನದ್ದು 2023 ಆಗಿದ್ದರೆ ಆ ಬದಿ ಏನೋ ಆಗಿದೆ. ಸೀಟ್ ಬೆಲ್ಟಿನ ಬುಡದ ಲೇಬಲ್‌ನಲ್ಲೂ ತಾರೀಕು ಇರುತ್ತದೆ. ಸೀತಾನದಿಯವರು ಹೇಳಿದ ಕ್ಲೇಮ್ ವರ್ಷಕ್ಕೂ ಈ ಗಾಜಿನ ವರ್ಷಕ್ಕೂ ತಾಳೆ ಬಂದರೆ ಯಾವ ಬದಿಗೆ ಪೆಟ್ಟು ಬಿದ್ದಿತ್ತು ಎಂಬುದೂ ಸಿಕ್ಕಿತು.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೆ ದೀಪವನ್ನು ತೆಗೆದಿದ್ದಾರೆ ಎಂದೇ ತಿಳಿಯಿರಿ. ಅಂಥ ಕಾರಿನಲ್ಲಿ ಏರ್‌ಬ್ಯಾಗ್ ಇರುವುದೇ ಸಂಶಯ. ಈ ಒಂದು ವಿಷಯದಲ್ಲಿ ಬೆಲೆ ಇಳಿಸಿಕೊಡುತ್ತೇವೆ ಎಂದರೂ ಒಪ್ಪಬೇಡಿ, ಕೂರುವುದು ನಿಮ್ಮ ಮನೆಯವರು.

*

ನೇತ್ರಾವತಿ ತೀರ:

ನೆರೆಗೆ ಆಲುವಾವರೆಗೆ ಹೋಗಬೇಕಾಗಿಲ್ಲ. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ತಗ್ಗು ಪ್ರದೇಶಗಳಿಗೆ ನುಗ್ಗಿತ್ತು. ಹಾಗಾಗಿ ಬಲೆನೊಗೂ ಇದೇ ಪರೀಕ್ಷೆ ಮಾಡಿ.

ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ, ಬೂಸಲು ಇದ್ದರೆ ನೀರು ಸೀಟಿನ ಮಟ್ಟ ದಾಟಿದೆ. ಸೀಟಿನ ಕೆಳಗೆ ಟಾರ್ಚ್ ಹಾಕಿ ಹಳಿಯ ಬೋಲ್ಟ್, ಸೀಟಿನ ಒಳ ಸ್ಪ್ರಿಂಗ್ ನೋಡಿ. ಸ್ಟೆಪ್ನಿ ಗುಂಡಿಯ ಮೂಲೆ, ಡ್ಯಾಶ್‌ಬೋರ್ಡ್ ಅಡಿಯ ಫ್ಯೂಸ್ ಬಾಕ್ಸ್, ಒಬಿಡಿ ಸಾಕೆಟ್‌ನ (ಕಾರಿನ ದೋಷ ಓದುವ ಸ್ಕ್ಯಾನರ್ ಚುಚ್ಚುವ ಜಾಗ) ಪಿನ್. ಅಲ್ಲಿ ಹಸಿರು ಕಿಲುಬು ಇದ್ದರೆ ಬೇರೆ ಪರೀಕ್ಷೆ ಬೇಕಾಗಿಲ್ಲ. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಹೆಚ್ಚಿನ ಕಾರುಗಳಲ್ಲಿ ನಡುವಿನ ಕನ್ಸೋಲ್ ಅಡಿಯಲ್ಲಿ ನೆಲಕ್ಕೆ ತಾಗಿದಂತೆ ಇರುತ್ತದೆ, ಅದು ಕೆಡಲು ಒಂದು ಅಡಿ ನೀರು ಸಾಕು.

ಆದರೆ ಕಾರ್ಪೆಟ್ ಒದ್ದೆ ಇದ್ದ ಕೂಡಲೇ ನೆರೆ ಅಂತ ತೀರ್ಮಾನ ಮಾಡಬೇಡಿ. ಇಲ್ಲಿ ಹೆಚ್ಚಿನವರು ಮಾವು, ಹಲಸಿನ ಮರದಡಿ ಕಾರು ನಿಲ್ಲಿಸುತ್ತಾರೆ. ಎಲೆ ಬಿದ್ದು ವೈಪರ್ ಅಡಿಯ ಚರಂಡಿ ಮುಚ್ಚಿದರೆ ಮಳೆನೀರು ಕ್ಯಾಬಿನ್‌ಗೆ ಬರುತ್ತದೆ. ಎಸಿಯ ಡ್ರೈನ್ ಪೈಪ್ ಕಟ್ಟಿದರೆ ಮುಂದಿನ ಎಡಬದಿಯ ಕಾರ್ಪೆಟ್ ನೆನೆಯುತ್ತದೆ. ಇವು ಶುದ್ಧ ನೀರು, ಒಂದೇ ಕಡೆ ಒದ್ದೆ, ಮಣ್ಣಿನ ಪುಡಿ ಇರುವುದಿಲ್ಲ. ನೆರೆಯ ನೀರು ಸಣ್ಣ ಹೂಳನ್ನು ಬಿಟ್ಟು ಹೋಗುತ್ತದೆ, ಎಷ್ಟು ತೊಳೆದರೂ ವೈರಿಂಗ್‌ನ ಟೇಪ್ ಮಡಿಕೆಯಲ್ಲಿ ಅದು ಉಳಿಯುತ್ತದೆ. ಕಿಟಕಿ ಮುಚ್ಚಿ ಎಸಿಯನ್ನು ಹತ್ತು ನಿಮಿಷ ಒಳಗಾಳಿಯಲ್ಲಿ ಓಡಿಸಿ, ಬೂಸಲು ವಾಸನೆ ಬರುತ್ತದೆಯೇ ನೋಡಿ. ಕಾರಿನೊಳಗೆ ಜೋರು ಪರ್ಫ್ಯೂಮ್ ಇದ್ದರೆ ಅದನ್ನು ಹೊರಗಿಡಲು ಹೇಳಿ, ಮರುದಿನ ಬೆಳಿಗ್ಗೆ ಮತ್ತೆ ನೋಡಿ.

ಮೀಟರ್ ಬಗ್ಗೆ. ಸರ್ವಿಸ್ ದಾಖಲೆಯೇ ಗಟ್ಟಿ. ಮಾಲೀಕರ ಒಪ್ಪಿಗೆ ಇದ್ದರೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ಜಾಬ್ ಕಾರ್ಡ್‌ಗಳ ಪಟ್ಟಿ ಸಿಗುತ್ತದೆ. ಕಿ.ಮೀ. ಕಾಲಂ ಮಾತ್ರ ಓದಿಕೊಂಡು ಬನ್ನಿ. ಮಾರುತಿಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೊಂದು ಸರ್ವಿಸ್. 2018ರಿಂದ 2021ರವರೆಗೆ ವರ್ಷಕ್ಕೆ 14,000 ಓಡಿದ ಕಾರು ಆಮೇಲೆ ವರ್ಷಕ್ಕೆ 3,000 ಮಾತ್ರ ಓಡಿದೆ ಎಂದರೆ ಕಾರಣ ಬೇಕು. ಕೋವಿಡ್ ಒಂದು ಕಾರಣ, ಮಾಲೀಕರು ಗಲ್ಫ್‌ಗೆ ಹೋದದ್ದು ಇನ್ನೊಂದು, ಎರಡೂ ನಿಜವಿರಬಹುದು. ಹೊರಗಿನ ಗ್ಯಾರೇಜಿನವರು ಆಯಿಲ್ ಬದಲಿಸಿದಾಗ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಮುಂದಿನ ಕಿ.ಮೀ. ಬರೆದ ಸ್ಟಿಕ್ಕರ್ ಅಂಟಿಸುತ್ತಾರೆ. ತಿರುಚಿದವರು ಅದನ್ನು ಕೀಳಲು ಮರೆಯುವುದುಂಟು.

ಟಯರ್ ಬದಿಯ ಕೊನೆಯ ನಾಲ್ಕು ಅಂಕಿ ನೋಡಿ. 1218 ಅಂದರೆ 2018ರ 12ನೇ ವಾರ. 41,000 ಓಡಿದ ಐ20ಯಲ್ಲಿ ಮೊದಲಿನ ಟಯರ್ ಇನ್ನೂ ಇದ್ದರೆ ಆಶ್ಚರ್ಯವಿಲ್ಲ. ನಾಲ್ಕೂ 2021ರದ್ದಾಗಿ ಅವೂ ಸವೆದಿದ್ದರೆ ಮೀಟರ್ ನಂಬಬೇಡಿ.

ಒಬಿಡಿ ಸ್ಕ್ಯಾನರ್ ಹಾಕಿಸಿ, ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಕೂಡ ಸಾಕು. "ಕೋಡ್ (ದೋಷದ ಸಂಕೇತ) ಇಲ್ಲ" ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಂಬ ಅಂಕಿ ನೋಡಿ, ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನೇ ಪರೀಕ್ಷಿಸಿಕೊಂಡ ಗುರುತು) ಪೂರ್ಣವಾಗಿವೆಯೇ ನೋಡಿ. ದಿನಾ ಓಡುವ ಕಾರಿನಲ್ಲಿ ಆ ದೂರ 12 ಕಿ.ಮೀ. ಎಂದಿದ್ದು ಮಾನಿಟರ್ ಅಪೂರ್ಣ ಇದ್ದರೆ, ನೀವು ಬರುವ ಮೊದಲು ಯಾರೋ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಕಂಪನಿ ಸರ್ವಿಸ್ ಸೆಂಟರ್‌ನ ಸ್ಕ್ಯಾನರ್‌ಗೆ ಕೆಲವು ಮಾಡೆಲ್‌ಗಳಲ್ಲಿ ಬೇರೆ ಯೂನಿಟ್‌ಗಳಲ್ಲಿ ಉಳಿದ ಕಿ.ಮೀ. ಕೂಡ ಸಿಗುತ್ತದೆ.

*

ಕದ್ರಿಗುಡ್ಡೆ:

ಇಷ್ಟು ವಿವರ ಸಿಗುತ್ತದೆ ಅಂತ ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಐ20ಯ 2019ರ ಪಾಲಿಸಿ ಯಾರ್ಡ್‌ನವರು ವಾಟ್ಸ್ಆ್ಯಪ್ ಮಾಡಿದರು. ಬೋನಸ್ ಸೊನ್ನೆ. "ಬಂಪರ್ ತಾಗಿತ್ತು, ಸಣ್ಣದು" ಅನ್ನುತ್ತಾರೆ. ಮಾಲೀಕರ ನಂಬರ್ ಕೊಡಲು ಹಿಂದೆ ಮುಂದೆ ನೋಡುತ್ತಿದ್ದಾರೆ. ಬಲೆನೊದ 2024ರ ಪಾಲಿಸಿಯಲ್ಲೂ ಸೊನ್ನೆ, ಆದರೆ ಭಾವ ಕ್ಲೇಮ್ ಕಾಗದ ತರಿಸಿಕೊಡಲು ಒಪ್ಪಿದ್ದಾರೆ, ಹಿಂದಿನಿಂದ ಒಂದು ಆಟೊ ಗುದ್ದಿದ್ದು ಅಂತ ಅವರೇ ಹೇಳಿದರು. ಸಾಲ ಮತ್ತು ದುಬೈ ವಿಷಯ ಹೇಗೆ?

*

ಸೀತಾನದಿ:

ಬಂಪರ್ ಆಗಿದ್ದರೆ 2018ರ ಆ ಜಾಬ್ ಕಾರ್ಡ್ ತೋರಿಸಲು ಐದು ನಿಮಿಷ ಸಾಕು. ತಾರೀಕು ಆಗಸ್ಟ್ 15ರಿಂದ ಅಕ್ಟೋಬರ್‌ವರೆಗೆ ಬಿದ್ದಿದ್ದು, ಬಿಲ್ಲಿನಲ್ಲಿ ಕಾರ್ಪೆಟ್, ಸೀಟ್ ಫೋಮ್, ವೈರಿಂಗ್ ಹಾರ್ನೆಸ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಥ ಹೆಸರು ಇದ್ದರೆ ಉತ್ತರ ಸಿಕ್ಕಿತು. ಕಾಗದವೂ ಇಲ್ಲ, ಮಾಲೀಕರ ನಂಬರೂ ಇಲ್ಲ ಎಂದರೆ ಬಿಟ್ಟುಬಿಡಿ. ಬಲೆನೊಗೆ ಹಿಂದಿನಿಂದ ಬಿದ್ದ ಪೆಟ್ಟಿನ ಬಗ್ಗೆ ಡಿಕ್ಕಿಯ ತಳ, ಹಿಂದಿನ ಪ್ಯಾನೆಲ್ ಮತ್ತು ಎರಡು ಬದಿಯ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು) ಮಾತ್ರ ಚೆನ್ನಾಗಿ ನೋಡಿಸಿ. ಅವರೇ ಬಾಯಿಬಿಟ್ಟು ಹೇಳಿದ್ದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ.

*

ಮಣ್ಣಪಳ್ಳ:

ಐ20ಯ 60,000 ಉಳಿತಾಯ ಹೇಗೂ ಉಳಿಯುತ್ತಿರಲಿಲ್ಲ. ಬೇರೆ ರಾಜ್ಯದ ಕಾರಿಗೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಮರುನೋಂದಣಿ, ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. 5ರಿಂದ 10 ಲಕ್ಷದ ಹೊಸ ಪೆಟ್ರೋಲ್ ಕಾರಿಗೆ ಇಲ್ಲಿ ಮೂಲ ದರವೇ ಶೇ 14, ಹಳೆಯದಕ್ಕೆ ವಯಸ್ಸು ನೋಡಿ ಅದರ ಒಂದು ಭಾಗ ಕಟ್ಟಿಸಿಕೊಳ್ಳುತ್ತಾರೆ. ಕೆಎ-20 ಕಾರು ಮಂಗಳೂರಿಗೆ ಬಂದರೆ ನಂಬರ್ ಬದಲಾಗುವುದಿಲ್ಲ, ತೆರಿಗೆ ಮತ್ತೆ ಇಲ್ಲ. ಯಾರ್ಡ್‌ಗಳ ಬಗ್ಗೆಯೂ ಒಂದು ಮಾತು: 2023ರ ಏಪ್ರಿಲ್ 1ರಿಂದ ಹಳೆಯ ಕಾರು ಮಾರುವ ಡೀಲರ್‌ಗೆ ಆರ್‌ಟಿಒದ ಅಧಿಕಾರ ಪತ್ರ ಇರಬೇಕು, ಮಾಲೀಕರು ಕಾರನ್ನು ಅವರಿಗೆ ಒಪ್ಪಿಸಿದ್ದು ಫಾರ್ಮ್ 29ಸಿಯಲ್ಲಿ ದಾಖಲಾಗಬೇಕು. ಮುಂದೆ ಯಾವ ಯಾರ್ಡ್‌ಗೆ ಹೋದರೂ ಅದನ್ನು ಕೇಳಿ.

ಸಾಲ: ಆರ್‌ಸಿಯಲ್ಲಿ ಸಂಘದ ಹೆಸರು ಇರುವವರೆಗೆ ಕಾರು ಪೂರ್ತಿ ಮಾರುವವರದ್ದಲ್ಲ. ಸಂಘಕ್ಕೆ ನೀವೇ ಹೋಗಿ ಬಾಕಿ ಎಷ್ಟೆಂದು ಲಿಖಿತವಾಗಿ ಕೇಳಿ. ನಿಜವಾಗಿ ಮುಗಿದಿದ್ದರೆ ಅವರು ಎನ್‌ಒಸಿ ಮತ್ತು ಸಹಿ, ಮೊಹರು ಇರುವ ಫಾರ್ಮ್ 35 (ಸಾಲದ ನಮೂದು ತೆಗೆಸುವ ಅರ್ಜಿ) ಕೊಡುತ್ತಾರೆ. ಬಾಕಿ ಇದ್ದರೆ ಆ ಮೊತ್ತವನ್ನು ನಿಮ್ಮ ಖಾತೆಯಿಂದ ನೇರ ಆ ಸಾಲದ ಖಾತೆಗೆ ಹಾಕಿ, ಬೆಲೆಯಲ್ಲಿ ಕಳೆಯಿರಿ. "ನೀವು ಕೊಡಿ, ನಾವು ಕಟ್ಟುತ್ತೇವೆ" ಎಂಬ ಮಾತಿಗೆ ಹಣ ಕೊಡಬೇಡಿ.

ದುಬೈ: ಹೆಸರು ಬದಲಾವಣೆಯ ಅರ್ಜಿ ಈಗ ವಾಹನ್ ಪೋರ್ಟಲ್‌ನಲ್ಲಿ, ಓಟಿಪಿ ಹೋಗುವುದು ಮಾಲೀಕರ ನೋಂದಾಯಿತ ಮೊಬೈಲ್‌ಗೆ. ಅವರ ಇಲ್ಲಿನ ಸಿಮ್ ದುಬೈಯಲ್ಲಿ ಬಂದ್ ಆಗಿದ್ದರೆ ಎಲ್ಲವೂ ಅಲ್ಲೇ ನಿಲ್ಲುತ್ತದೆ, ಆದ್ದರಿಂದ ಮುಂಗಡಕ್ಕೆ ಮೊದಲೇ ಸಿಮ್ ಚಾಲ್ತಿಯಲ್ಲಿದೆಯೇ ಪರೀಕ್ಷಿಸಿ. ಹೆಸರು ಬದಲಾವಣೆಯ ಫಾರ್ಮ್ 29, 30ರ ಸಹಿಯನ್ನು ಭಾವ ಹಾಕುವಂತಿಲ್ಲ. ಮಾಲೀಕರು ರಜೆಗೆ ಊರಿಗೆ ಬಂದಾಗ ಮಾಡಿಸುವುದೇ ಸುಲಭ. ಅವಸರವಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ನಡೆಯುತ್ತದೆಯೇ ಎಂದು ಉಡುಪಿ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ. ವಿಡಿಯೊ ಕಾಲ್‌ನಲ್ಲಿ ಮಾಲೀಕರ ಜೊತೆ ಬೆಲೆ ಮಾತಾಡಿ, ಹಣ ಅವರ ಹೆಸರಿನ ಖಾತೆಗೇ ಹೋಗಲಿ.

ಮಾಲೀಕರಿಗೂ ಇದನ್ನು ತಿಳಿಸಿ: ಆರ್‌ಸಿಯಲ್ಲಿ ಹೆಸರು ಇರುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದು ಗೊತ್ತಾದರೆ ಅವರೇ ಬೇಗ ಮಾಡಿಸಲು ನೋಡುತ್ತಾರೆ. ಕಾರು ನಿಮ್ಮ ಕೈಗೆ ಬಂದ ಮೇಲೆ ಹೆಸರು ಬದಲಾವಣೆಗೆ 30 ದಿನ, ಇನ್ಶೂರೆನ್ಸ್ ವರ್ಗಾವಣೆಗೆ 14 ದಿನ. 14 ದಿನ ದಾಟಿದರೆ ಥರ್ಡ್ ಪಾರ್ಟಿ ಭಾಗ ಮಾತ್ರ ನಿಮ್ಮ ಪಾಲಿಗೆ ಉಳಿಯುತ್ತದೆ, ನಿಮ್ಮ ಕಾರಿನ ಹಾನಿಗೆ ಕಂಪನಿ ಕೊಡುವುದಿಲ್ಲ.

ಮುಂಗಡದ ರಸೀದಿಯಲ್ಲಿ ಚಾಸಿಸ್ ನಂಬರ್, ಆ ದಿನದ ಮೀಟರ್ ಅಂಕಿ, ಸಾಲ ತೆಗೆಸಿಕೊಡುವ ಕೊನೆಯ ತಾರೀಕು, ಅದು ಆಗದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಸಾಲು ಇರಲಿ. ಕಾರು ತೆಗೆದುಕೊಳ್ಳುವ ದಿನ ಗಂಟೆ ನಿಮಿಷ ಸಹಿತ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿ, ಎರಡು ಕೀ ಕೇಳಿ ಪಡೆಯಿರಿ, ಹಳೆಯ ಫಾಸ್ಟ್ಯಾಗ್ ಅವರ ಬ್ಯಾಂಕಿನಿಂದ ಮುಚ್ಚಿಸಿ.